ನಿಮ್ಮೂರ ಪತ್ರಿಕೆ ಯಾರ ಕಡೆ? ನಗರಸಭೆ ಚುನಾವಣೆಯಲ್ಲಿ ಅಳೆದು ನೋಡುವ ಬಗೆ

ನಗರಸಭೆ ಚುನಾವಣೆ ಹತ್ತಿರ ಬಂತೆಂದರೆ ಒಂದು ಮಾತು ಎಲ್ಲ ಕಡೆ ಕೇಳಿಸುತ್ತದೆ: "ಆ ಪೇಪರ್ ಅವರ ಕಡೆ ಬಿಡಿ." ಎದುರು ಬಣದವರನ್ನು ಕೇಳಿ, ಅದೇ ಪೇಪರ್ ಬಗ್ಗೆ ಅವರೂ ಅದೇ ಮಾತು ಹೇಳುತ್ತಾರೆ. ಇಬ್ಬರಲ್ಲಿ ಯಾರು ಸರಿ? ಒಬ್ಬರು ಸರಿ ಇರಬಹುದು, ಇಬ್ಬರೂ ತಪ್ಪಿರಬಹುದು. ಸುಮ್ನೆ ಬೈಯುತ್ತಾ ಕೂತರೆ ಇದು ಇತ್ಯರ್ಥ ಆಗುವುದಿಲ್ಲ. ಅಳೆದರೆ ಆಗುತ್ತದೆ. ಅದಕ್ಕೆ ಬೇಕಾಗಿರುವುದು ಒಂದು ಸ್ಕೇಲು, ಒಂದು ನೋಟ್‌ಬುಕ್, ಜೊತೆಗೆ ಕೆಲವು ವಾರ ಒಂದು ದಿನವೂ ತಪ್ಪದೆ ಪತ್ರಿಕೆ ಓದುವ ತಾಳ್ಮೆ.

ಇಷ್ಟು ಕಷ್ಟ ಯಾಕೆ ಅನ್ನಿಸಬಹುದು. ದೊಡ್ಡ ಚುನಾವಣೆಯಲ್ಲಿ ಒಂದು ಪತ್ರಿಕೆ ಪಕ್ಷಪಾತ ಮಾಡಿದರೆ ಇನ್ನೊಂದು ಇದೆ, ಟಿವಿ ಇದೆ, ಹತ್ತಾರು ಚಾನೆಲ್‌ಗಳಿವೆ. ವಾರ್ಡಿನ ಚುನಾವಣೆಗೆ ಅಷ್ಟೆಲ್ಲ ಇಲ್ಲ. ನಮ್ಮ ವಾರ್ಡಿನ ಅಭ್ಯರ್ಥಿ ಯಾರು, ಹಿಂದಿನ ಅವಧಿಯಲ್ಲಿ ಏನು ಮಾಡಿದರು, ಯಾವ ನಿರ್ಣಯಕ್ಕೆ ಕೈ ಎತ್ತಿದರು ಎಂದು ಬರೆಯುವವರು ಸ್ಥಳೀಯ ಪತ್ರಿಕೆಯ ಒಬ್ಬರೋ ಇಬ್ಬರೋ ವರದಿಗಾರರು ಮಾತ್ರ. ಅವರು ಬರೆಯದಿದ್ದರೆ ಅದು ಯಾರಿಗೂ ಗೊತ್ತಾಗುವುದಿಲ್ಲ. ಗೆಲುವಿನ ಅಂತರವೂ ಸಣ್ಣದು. ಕೆಲವೇ ಮತಗಳಲ್ಲಿ ಸೋಲು ಗೆಲುವು ತೀರ್ಮಾನವಾಗುವ ಕಡೆ, ಮುಖಪುಟದ ಒಂದು ಫೋಟೊಗೂ ತೂಕ ಇರುತ್ತದೆ.

ಮೊದಲು ನಿಮ್ಮನ್ನೇ ಅಳೆದುಕೊಳ್ಳಿ

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಎರಡು ವಿಷಯ ಬರೆಯಿರಿ. ನೀವು ಯಾರಿಗೆ ಮತ ಹಾಕಬೇಕು ಅಂದುಕೊಂಡಿದ್ದೀರಿ, ಪತ್ರಿಕೆ ಯಾರ ಕಡೆ ಇದೆ ಎಂದು ನಿಮಗೆ ಈಗ ಅನ್ನಿಸುತ್ತಿದೆ. ಇದನ್ನು ಯಾರಿಗೂ ತೋರಿಸಬೇಕಾಗಿಲ್ಲ. ಆದರೆ ಬರೆದಿಡದಿದ್ದರೆ ಲೆಕ್ಕ ಹಾಕುವಾಗ ನಿಮ್ಮ ಕೈ ನಿಮಗೇ ಗೊತ್ತಾಗದಂತೆ ಒಂದು ಕಡೆ ವಾಲುತ್ತದೆ. ನಮಗೆ ಬೇಡದ ಸುದ್ದಿ ದೊಡ್ಡದಾಗಿ ಕಾಣುತ್ತದೆ, ಬೇಕಾದ ಸುದ್ದಿ ಎಷ್ಟು ಬಂದರೂ ಕಡಿಮೆ ಅನ್ನಿಸುತ್ತದೆ. ಎಲ್ಲರಿಗೂ ಹೀಗೇ.

ಇದಕ್ಕೆ ಒಳ್ಳೆಯ ಮದ್ದು ಅಂದರೆ ಎದುರು ಬಣದ ಒಬ್ಬರನ್ನು ಜೊತೆಗೆ ಕರೆದುಕೊಳ್ಳುವುದು. ನಿಜವಾಗಿಯೂ ಬೇರೆ ಅಭ್ಯರ್ಥಿಗೆ ಮತ ಹಾಕುವವರೇ ಆಗಿರಬೇಕು. ಇಬ್ಬರೂ ಒಂದೇ ಪತ್ರಿಕೆಯನ್ನು ಬೇರೆ ಬೇರೆ ಕೂತು ಓದಿ, ಬೇರೆ ಬೇರೆ ಗುರುತು ಹಾಕಿ, ವಾರಕ್ಕೊಮ್ಮೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹತ್ತು ಸುದ್ದಿಯಲ್ಲಿ ಎಂಟಕ್ಕಾದರೂ ಇಬ್ಬರ ಗುರುತು ಹೊಂದಬೇಕು. ಹೊಂದದಿದ್ದರೆ ನೀವು ಮಾಡಿಕೊಂಡ ನಿಯಮ ಸಡಿಲ ಇದೆ ಎಂದರ್ಥ. ಜಗಳ ಆಡದೆ ನಿಯಮವನ್ನು ಬಿಗಿ ಮಾಡಿ, ಆ ವಾರದ ಪತ್ರಿಕೆಗಳನ್ನು ಮತ್ತೆ ಓದಿ.

ಏನನ್ನು ಎತ್ತಿಡಬೇಕು

ನಾಮಪತ್ರ ಸಲ್ಲಿಕೆ ಶುರುವಾದ ದಿನದಿಂದ ಮತದಾನದ ಹಿಂದಿನ ದಿನದವರೆಗೆ ಒಂದೂ ಬಿಡದೆ ಎಲ್ಲ ಸಂಚಿಕೆ ಇಟ್ಟುಕೊಳ್ಳಿ. ನಿಮಗೆ ಸಿಟ್ಟು ಬಂದ ದಿನದ ಪತ್ರಿಕೆಯನ್ನು ಮಾತ್ರ ಕತ್ತರಿಸಿಟ್ಟರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಸಂಪಾದಕರು ಉಳಿದ ದಿನಗಳದ್ದನ್ನು ಮುಂದಿಟ್ಟರೆ ನಿಮ್ಮ ಮಾತು ಅಲ್ಲಿಗೇ ನಿಂತುಹೋಗುತ್ತದೆ. ಅಚ್ಚಾದ ಪತ್ರಿಕೆ ಸಿಕ್ಕರೆ ಅದೇ ಒಳ್ಳೆಯದು. ಆನ್‌ಲೈನ್ ಸುದ್ದಿಯ ತಲೆಬರಹ ಬೆಳಗ್ಗೆ ಒಂದಿರುತ್ತದೆ, ಸಂಜೆಗೆ ಇನ್ನೊಂದಾಗಿರುತ್ತದೆ. ಅದನ್ನು ನೋಡುವುದಾದರೆ ದಿನಾಂಕ, ಸಮಯ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿ.

ಸುದ್ದಿ ಅಂದರೆ ಬರೀ ವರದಿ ಅಂದುಕೊಳ್ಳಬೇಡಿ. ಫೋಟೊ, ಫೋಟೊ ಕೆಳಗಿನ ಸಾಲು, ಓದುಗರ ಪತ್ರ, ವ್ಯಂಗ್ಯಚಿತ್ರ, ಅಂಕಣ, ಜಾಹೀರಾತು, ಎಲ್ಲವೂ ಲೆಕ್ಕಕ್ಕೆ ಬರಬೇಕು. ಪ್ರತಿಯೊಂದಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಸಾಲು: ದಿನಾಂಕ, ಪುಟ, ಪುಟದ ಮೇಲರ್ಧವೋ ಕೆಳಗೋ, ಯಾರ ಬಗ್ಗೆ, ಯಾವ ವಿಷಯ, ಸುದ್ದಿಯೊಳಗೆ ಯಾರ್ಯಾರು ಮಾತಾಡಿದ್ದಾರೆ, ಎಷ್ಟು ಜಾಗ, ಕೊನೆಗೆ ಧಾಟಿ.

ಜಾಗ ಅಳೆಯುವುದು ಸುಲಭ. ಪತ್ರಿಕೆಯವರು ಜಾಹೀರಾತು ಮಾರುವಾಗ ಯಾವ ಲೆಕ್ಕ ಹಾಕುತ್ತಾರೋ ಅದನ್ನೇ ಹಾಕಿ, ಅಂದರೆ ಕಾಲಂ ಸೆಂಟಿಮೀಟರ್. ಸುದ್ದಿ ಮೂರು ಕಾಲಂ ಅಗಲ, 12 ಸೆಂಟಿಮೀಟರ್ ಎತ್ತರ ಇದ್ದರೆ 36 ಕಾಲಂ ಸೆಂಟಿಮೀಟರ್. ಫೋಟೊ ಅಳತೆಗೆ ನೋಟ್‌ಬುಕ್ಕಿನಲ್ಲಿ ಬೇರೆ ಕಾಲಂ ಮಾಡಿ, ಅದನ್ನು ಬರಹದ ಜೊತೆ ಸೇರಿಸಬೇಡಿ. ಕೆಲವು ಪುಟದಲ್ಲಿ ಕಾಲಂ ಅಗಲ ಬದಲಾಗುತ್ತದೆ. ಅಂಥ ಕಡೆ ಅಗಲವನ್ನೂ ಎತ್ತರವನ್ನೂ ಗುಣಿಸಿ ಚದರ ಸೆಂಟಿಮೀಟರ್ ಬರೆದಿಟ್ಟುಕೊಂಡರೆ ಆಮೇಲೆ ತಲೆನೋವಿಲ್ಲ.

ಧಾಟಿಗೆ ಮೂರೇ ಗುರುತು ಸಾಕು. ಓದಿದವರಿಗೆ ಆ ಅಭ್ಯರ್ಥಿ ಬಗ್ಗೆ ಒಳ್ಳೆಯ ಅಭಿಪ್ರಾಯ ಬರುವಂತಿದ್ದರೆ ಕೂಡಿಸು, ಕೆಟ್ಟದ್ದು ಬರುವಂತಿದ್ದರೆ ಕಳೆ, ಎರಡೂ ಇಲ್ಲದಿದ್ದರೆ ಸೊನ್ನೆ. ಹತ್ತು ಅಂಕದ ಅಳತೆ ಮಾಡಲು ಹೋಗಬೇಡಿ, ಆರಕ್ಕೂ ಏಳಕ್ಕೂ ವ್ಯತ್ಯಾಸ ಏನೆಂದು ಇಬ್ಬರೂ ಒಪ್ಪುವುದಿಲ್ಲ.

ಸಮಾನ ಜಾಗ ಸಿಕ್ಕರೆ ನ್ಯಾಯ ಸಿಕ್ಕಂತೆಯಾ?

ಇಲ್ಲಿ ತುಂಬಾ ಜನ ಎಡವುತ್ತಾರೆ. ಎಲ್ಲ ಅಭ್ಯರ್ಥಿಗಳಿಗೂ ಸಮನಾಗಿ ಜಾಗ ಕೊಟ್ಟರೆ ಪತ್ರಿಕೆ ನ್ಯಾಯವಾಗಿದೆ ಎಂದು ಲೆಕ್ಕ ಹಾಕುತ್ತಾರೆ. ಒಬ್ಬರ ಮೇಲೆ ನಿಜವಾದ, ದಾಖಲೆ ಇರುವ ಹಗರಣ ಹೊರಬಂದರೆ ಆ ವಾರ ಅವರಿಗೆ ಜಾಸ್ತಿ ಜಾಗ, ಜಾಸ್ತಿ ಕಳೆ ಗುರುತು ಬಂದೇ ಬರುತ್ತದೆ. ಅದು ಪಕ್ಷಪಾತ ಹೇಗಾಗುತ್ತದೆ? ಅದನ್ನು ಬರೆಯುವುದೇ ಪತ್ರಿಕೆಯ ಕೆಲಸ. ಸಮ ಮಾಡಬೇಕೆಂದು ಎದುರಾಳಿಯ ಮೇಲೂ ಏನಾದರೊಂದು ಹುಡುಕಿ ಹಾಕಿದರೆ ಅದೇ ಅನ್ಯಾಯ.

ನನ್ನ ಪ್ರಕಾರ ನ್ಯಾಯದ ಪರೀಕ್ಷೆ ಒಂದೇ: ಎಲ್ಲರಿಗೂ ಒಂದೇ ನಿಯಮ ಇದೆಯಾ? ಒಬ್ಬರ ಆಸ್ತಿ ವಿವರ ಬರೆದರೆ ಎಲ್ಲರದ್ದೂ ಬರೆದಿದ್ದಾರಾ? ಒಬ್ಬರ ಹಳೆಯ ಕೇಸನ್ನು ಕೆದಕಿದ್ದರೆ ಉಳಿದವರದ್ದನ್ನೂ ನೋಡಿದ್ದಾರಾ? ಒಬ್ಬರನ್ನು "ಕುಡಿಯುವ ನೀರಿಗೆ ದುಡ್ಡು ಎಲ್ಲಿಂದ ತರುತ್ತೀರಿ" ಎಂದು ಕೇಳಿದ್ದರೆ, ಅದೇ ಭರವಸೆ ಕೊಟ್ಟ ಇನ್ನೊಬ್ಬರನ್ನೂ ಕೇಳಿದ್ದಾರಾ? ಸಂದರ್ಶನಗಳನ್ನು ಪಕ್ಕಪಕ್ಕ ಇಟ್ಟು ಉತ್ತರ ಬಿಟ್ಟು ಬರೀ ಪ್ರಶ್ನೆ ಓದಿ. ಒಬ್ಬರಿಗೆ "ನಿಮ್ಮ ಕನಸು ಏನು", ಇನ್ನೊಬ್ಬರಿಗೆ "ಆ ಟೆಂಡರ್ ಯಾಕೆ ರದ್ದಾಯಿತು" ಅಂತ ಇದ್ದರೆ ಯಾವ ಸ್ಕೇಲೂ ಬೇಡ.

ಆರೋಪದ ಸುದ್ದಿಯಲ್ಲಿ ಈ ಪರೀಕ್ಷೆ ಇನ್ನೂ ಮುಖ್ಯ. ಆರೋಪ ಮುಖಪುಟದಲ್ಲಿ, ಉತ್ತರ ಎರಡು ದಿನ ಬಿಟ್ಟು ಒಳಪುಟದ ಮೂಲೆಯಲ್ಲಿ ಬಂದರೆ ಓದುಗರ ತಲೆಯಲ್ಲಿ ಉಳಿಯುವುದು ಆರೋಪ ಮಾತ್ರ. ಆದ್ದರಿಂದ ಪ್ರತಿ ಆರೋಪಕ್ಕೂ ಮೂರು ವಿಷಯ ಗುರುತು ಹಾಕಿ. ಅದೇ ಸುದ್ದಿಯಲ್ಲಿ ಎದುರಿನವರ ಮಾತು ಇದೆಯಾ? ಎಷ್ಟನೇ ಪ್ಯಾರಾದಲ್ಲಿದೆ? ದಾಖಲೆ ಏನಾದರೂ ನೋಡಿ ಬರೆದಿದ್ದಾರಾ, ಅಥವಾ ಇವರು ಹೀಗಂದರು ಅವರು ಹಾಗಂದರು ಎಂದು ಬಿಟ್ಟಿದ್ದಾರಾ? "ಸಂಪರ್ಕಕ್ಕೆ ಸಿಗಲಿಲ್ಲ" ಎಂಬ ಸಾಲು ಒಬ್ಬರ ವಿಷಯದಲ್ಲೇ ಮತ್ತೆ ಮತ್ತೆ ಬರುತ್ತಿದ್ದರೆ ಆ ಅಭ್ಯರ್ಥಿಯನ್ನೇ ಕೇಳಿ, ಫೋನ್ ಬಂದಿತ್ತಾ ಎಂದು. ನಿಜವಾಗಿಯೂ ಅವರು ಫೋನ್ ಎತ್ತಿರದೇ ಇರಬಹುದು.

ಉತ್ತರ ಹಾಕಲೇಬೇಕು ಎಂದು ಪತ್ರಿಕೆಯನ್ನು ಕಾನೂನಿನಿಂದ ಕಟ್ಟಿಹಾಕಬಾರದಾ ಎಂದು ಕೆಲವರು ಕೇಳುತ್ತಾರೆ. ಅಮೆರಿಕದ ಫ್ಲಾರಿಡಾದಲ್ಲಿ ಅಂಥ ಕಾನೂನು 1913ರಿಂದ ಇತ್ತು. 1972ರಲ್ಲಿ ಪ್ಯಾಟ್ ಟಾರ್ನಿಲೊ ಎಂಬ ಅಭ್ಯರ್ಥಿ ತನ್ನ ವಿರುದ್ಧ ಸಂಪಾದಕೀಯ ಬರೆದ 'ಮಯಾಮಿ ಹೆರಾಲ್ಡ್' ಪತ್ರಿಕೆ ತನ್ನ ಉತ್ತರವನ್ನೂ ಅಚ್ಚು ಹಾಕಬೇಕೆಂದು ಈ ಕಾನೂನಿನಡಿ ಕೇಳಿದರು. ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಗಿ, 1974ರಲ್ಲಿ ನ್ಯಾಯಮೂರ್ತಿಗಳೆಲ್ಲ ಒಮ್ಮತದಿಂದ ಆ ಕಾನೂನನ್ನೇ ತೆಗೆದುಹಾಕಿದರು. ಪತ್ರಿಕೆಯಲ್ಲಿ ಏನು ಬರಬೇಕೆಂದು ಸರ್ಕಾರ ಹೇಳುವ ಹಾಗಿಲ್ಲ ಎಂಬುದು ತೀರ್ಪಿನ ತಿರುಳು. ಅದೇ ದೇಶದಲ್ಲಿ ರೇಡಿಯೊ, ಟಿವಿಗೆ ಬೇರೆ ನಿಯಮ ಇದೆ: ಒಬ್ಬ ಅಭ್ಯರ್ಥಿಗೆ ಸಮಯ ಕೊಟ್ಟರೆ ಎದುರಾಳಿಗೂ ಅಷ್ಟೇ ಅವಕಾಶ ಕೊಡಬೇಕು ಎಂದು 1934ರ ಸಂವಹನ ಕಾಯ್ದೆ ಹೇಳುತ್ತದೆ, ಸುದ್ದಿ ಕಾರ್ಯಕ್ರಮಗಳಿಗೆ ವಿನಾಯಿತಿಯೂ ಇದೆ. ಪತ್ರಿಕೆಗೆ ಇದು ಅನ್ವಯಿಸುವುದಿಲ್ಲ. ನನಗೆ ಆ ತೀರ್ಪು ಸರಿ ಅನ್ನಿಸುತ್ತದೆ. ಇವತ್ತು ಉತ್ತರ ಹಾಕಿ ಎನ್ನುವ ಅಧಿಕಾರ ಇದ್ದವರು ನಾಳೆ ಸುದ್ದಿ ತೆಗೆಯಿರಿ ಎನ್ನಬಹುದು. ಹಾಗಾಗಿಯೇ ಓದುಗರು ಅಳೆದು ಕೇಳುವುದಕ್ಕೆ ಇಷ್ಟು ಬೆಲೆ.

ಹಾಲಿ ಸದಸ್ಯರ ಲೆಕ್ಕ

ಹಾಲಿ ಸದಸ್ಯರು ಮತ್ತೆ ನಿಂತಿದ್ದರೆ ಲೆಕ್ಕ ಸ್ವಲ್ಪ ಜಟಿಲ. ಅವರು ಸಭೆಗೆ ಹೋಗುತ್ತಾರೆ, ರಸ್ತೆ ಕಾಮಗಾರಿ ನೋಡುತ್ತಾರೆ, ಟೇಪು ಕತ್ತರಿಸುತ್ತಾರೆ, ಹೆಸರು ಸಹಜವಾಗಿ ಪತ್ರಿಕೆಯಲ್ಲಿ ಬರುತ್ತದೆ. ಹೊಸಬರಿಗೆ ಹಾಗೆ ಬರುವ ದಾರಿಯೇ ಇಲ್ಲ. ಇದಿಷ್ಟಕ್ಕೇ ಪತ್ರಿಕೆಯನ್ನು ದೂರಲು ಆಗುವುದಿಲ್ಲ.

ಹಾಗಾದರೆ ಪತ್ತೆ ಮಾಡುವುದು ಹೇಗೆ? ಹಿಂದಿನ ವರ್ಷದ ಅದೇ ವಾರಗಳ ಪತ್ರಿಕೆ ತೆಗೆದು ನೋಡಿ. ಗ್ರಂಥಾಲಯದಲ್ಲೋ ಇ-ಪೇಪರ್ ಸಂಗ್ರಹದಲ್ಲೋ ಸಿಗುತ್ತದೆ. ಚುನಾವಣೆ ಇಲ್ಲದಾಗ ಅದೇ ಸದಸ್ಯರ ಹೆಸರು, ಫೋಟೊ ಎಷ್ಟು ಸಲ ಬರುತ್ತಿತ್ತು, ಈಗ ಎಷ್ಟು ಸಲ ಬರುತ್ತಿದೆ? ಚರಂಡಿ ಸ್ವಚ್ಛ ಮಾಡಿದ ಸುದ್ದಿಗೆ ಮೊದಲು ಫೋಟೊ ಇರಲಿಲ್ಲ, ಈಗ ಸದಸ್ಯರು ಮುಂದೆ ನಿಂತ ಫೋಟೊ ಇದೆ ಎಂದರೆ ಬರೆದಿಟ್ಟುಕೊಳ್ಳಿ. ಕಾಮಗಾರಿ ಮಾಡಿದ್ದು ನಗರಸಭೆ, ದುಡ್ಡು ಕೊಟ್ಟಿದ್ದು ತೆರಿಗೆ ಕಟ್ಟಿದವರು, ತಲೆಬರಹದಲ್ಲಿ ಒಬ್ಬ ಸದಸ್ಯರ ಹೆಸರು ಮಾತ್ರ ಇದೆಯಾ ಎನ್ನುವುದನ್ನೂ ನೋಡಿ. ಇನ್ನೊಂದು ಕಡೆಯಿಂದಲೂ ಯೋಚಿಸಿ: ಹಾಲಿ ಸದಸ್ಯರ ಹಳೆಯ ಭರವಸೆಗಳನ್ನು ತೆಗೆದು ಏನಾಯಿತು ಎಂದು ಕೇಳಿದ ಒಂದಾದರೂ ಸುದ್ದಿ ಬಂದಿದೆಯಾ? ಸಭೆಗೆ ಎಷ್ಟು ದಿನ ಬಂದರು, ಯಾವುದಕ್ಕೆ ಮತ ಹಾಕಿದರು ಎಂದು ಬರೆದಿದ್ದಾರಾ? ಅಧಿಕಾರದಲ್ಲಿ ಇದ್ದವರಿಗೆ ಈ ಪ್ರಶ್ನೆಗಳು ಜಾಸ್ತಿ ಬರುವುದು ನ್ಯಾಯವೇ.

ತಲೆಬರಹ, ಕ್ರಿಯಾಪದ, ಫೋಟೊ

ಒಬ್ಬರು "ಸ್ಪಷ್ಟಪಡಿಸಿದರು", ಇನ್ನೊಬ್ಬರು "ಹರಿಹಾಯ್ದರು". ಒಬ್ಬರು "ಮನವಿ ಮಾಡಿದರು", ಇನ್ನೊಬ್ಬರು "ಕಿಡಿಕಾರಿದರು". ಇಬ್ಬರೂ ಮೈಕ್ ಮುಂದೆ ನಿಂತು ಒಂದೇ ದನಿಯಲ್ಲಿ ಮಾತಾಡಿರುತ್ತಾರೆ. ಅಭ್ಯರ್ಥಿಯ ಹೆಸರಿನ ಜೊತೆ ಬರುವ ಕ್ರಿಯಾಪದಗಳನ್ನು ಪಟ್ಟಿ ಮಾಡುತ್ತಾ ಹೋಗಿ. ಕೆಲವು ವಾರದ ನಂತರ ಎರಡು ಪಟ್ಟಿಯನ್ನು ಓದಿದರೆ ಕಚೇರಿಯಲ್ಲಿ ಸುದ್ದಿ ತಿದ್ದುವ ಡೆಸ್ಕಿನಲ್ಲಿ ಕೂತವರ ಮನಸ್ಸು ಕಾಣುತ್ತದೆ. ಅವರಿಗೇ ಅದು ಗೊತ್ತಿಲ್ಲದಿರಬಹುದು.

ತಲೆಬರಹವನ್ನು ಸುದ್ದಿಯ ಜೊತೆ ಹೋಲಿಸಿ. ಒಳಗೆ "ತನಿಖೆಗೆ ಒತ್ತಾಯ" ಎಂದಿದ್ದು ಮೇಲೆ "ಅಕ್ರಮ ಬಯಲು" ಎಂದಿದ್ದರೆ ಅದು ದೊಡ್ಡ ತಪ್ಪು, ಯಾಕೆಂದರೆ ತುಂಬಾ ಜನ ತಲೆಬರಹ ಓದಿ ಪುಟ ತಿರುಗಿಸುತ್ತಾರೆ.

ಮಹಿಳಾ ಅಭ್ಯರ್ಥಿಗಳ ವಿಷಯಕ್ಕೆ ಬೇರೆ ಪುಟವೇ ತೆರೆಯಿರಿ ಎನ್ನುತ್ತೇನೆ. ಯಾರ ಹೆಂಡತಿ, ಯಾರ ಮಗಳು, ಮನೆ ಹೇಗೆ ನಿಭಾಯಿಸುತ್ತಾರೆ ಎಂಬ ಸಾಲುಗಳು ಗಂಡಸರ ಪರಿಚಯದಲ್ಲಿ ಬರುವುದಿಲ್ಲ. ಆಕೆಯ ವಾರ್ಡಿನ ಸುದ್ದಿಯಲ್ಲಿ ಮಾತಾಡಿದ್ದು ಆಕೆಯಾ ಅಥವಾ ಗಂಡನಾ ಎಂದು ನೋಡಿ. ಗಂಡನ ಮಾತನ್ನು ಅಭ್ಯರ್ಥಿಯ ಮಾತೆಂದು ಅಚ್ಚು ಹಾಕುವ ಪತ್ರಿಕೆ ಆಕೆಗೆ ಎಷ್ಟೇ ಜಾಗ ಕೊಟ್ಟಿದ್ದರೂ ಆಕೆಗೆ ಅನ್ಯಾಯ ಮಾಡಿದೆ.

ಫೋಟೊದಲ್ಲಿ ಒಬ್ಬರು ಜನರ ನಡುವೆ ನಗುತ್ತಿರುತ್ತಾರೆ, ಇನ್ನೊಬ್ಬರದು ಹಳೆಯ ಪಾಸ್‌ಪೋರ್ಟ್ ಫೋಟೊ. ಇದಕ್ಕೆ ಕಾರಣ ಅಭ್ಯರ್ಥಿಯೇ ಒಳ್ಳೆಯ ಫೋಟೊ ಕಳಿಸದಿರುವುದೂ ಆಗಿರಬಹುದು. ಗುರುತು ಹಾಕಿ, ತೀರ್ಪು ಆಮೇಲೆ.

ಬರೆಯದೇ ಬಿಟ್ಟದ್ದು

ಅಚ್ಚಾಗಿದ್ದನ್ನು ಅಳೆಯಬಹುದು. ಅಚ್ಚಾಗದೇ ಉಳಿದದ್ದನ್ನು ಹೇಗೆ ಅಳೆಯುವುದು? ಕಷ್ಟ, ಆದರೆ ಇಡೀ ಕೆಲಸದಲ್ಲಿ ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾದ ಬೆಲ್ ಎಂಬ ಸಣ್ಣ ನಗರದ ಕತೆ ಕೇಳಿ. 2005ರಲ್ಲಿ ಅಲ್ಲಿ ಒಂದು ವಿಶೇಷ ಮತದಾನ ನಡೆಯಿತು. ಅದು ಪಾಸಾದರೆ ಕೌನ್ಸಿಲ್ (ಅಲ್ಲಿನ ನಗರಸಭೆ) ಸದಸ್ಯರ ಸಂಬಳಕ್ಕೆ ರಾಜ್ಯದ ಕಾನೂನು ಹಾಕಿದ್ದ ಮಿತಿ ಆ ನಗರಕ್ಕೆ ಅನ್ವಯಿಸುವುದಿಲ್ಲ. ಮತ ಹಾಕಿದವರು 400 ಜನರೂ ಇಲ್ಲ. ಹೆಚ್ಚಿನವರಿಗೆ ಅದು ಯಾಕೆ ನಡೆಯುತ್ತಿದೆ ಎಂದೇ ಗೊತ್ತಿರಲಿಲ್ಲ. 2010ರಲ್ಲಿ 'ಲಾಸ್ ಏಂಜಲೀಸ್ ಟೈಮ್ಸ್' ವರದಿಗಾರರು ದಾಖಲೆ ತೆಗೆಸಿ ನೋಡಿದಾಗ, ನಗರದ ಮುಖ್ಯಾಧಿಕಾರಿಯ ಸಂಬಳ ವರ್ಷಕ್ಕೆ ಹತ್ತಿರಹತ್ತಿರ ಎಂಟು ಲಕ್ಷ ಡಾಲರ್, ಅರೆಕಾಲಿಕ ಕೆಲಸ ಮಾಡುವ ಕೌನ್ಸಿಲ್ ಸದಸ್ಯರಲ್ಲಿ ಹೆಚ್ಚಿನವರಿಗೆ ಸುಮಾರು ಒಂದು ಲಕ್ಷ ಡಾಲರ್. ಆ ವರದಿಗೆ 2011ರಲ್ಲಿ ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿ ಪುಲಿಟ್ಜರ್ ಬಂತು, ತಪ್ಪು ಮಾಡಿದವರು ಜೈಲಿಗೂ ಹೋದರು. ನಡುವಿನ ಐದು ವರ್ಷ ಯಾರೂ ಕೇಳದೇ ಇದ್ದುದರ ಬೆಲೆಯನ್ನು ಊರಿನ ಜನ ಕಟ್ಟಿದರು.

ಹಾಗಾಗಿ ಹೀಗೆ ಮಾಡಿ. ಪತ್ರಿಕೆ ನೋಡುವ ಮೊದಲೇ ಕಳೆದ ಒಂದು ವರ್ಷದ ನಗರಸಭೆ ಸಭೆಗಳ ನಡಾವಳಿ, ಬಜೆಟ್, ಅಭ್ಯರ್ಥಿಗಳು ಕೊಟ್ಟ ಅಫಿಡವಿಟ್‌ಗಳನ್ನು ಓದಿ ಹತ್ತು ವಿಷಯ ಪಟ್ಟಿ ಮಾಡಿ: ನೀರಿನ ಕರ, ಕಸ ವಿಲೇವಾರಿ ಗುತ್ತಿಗೆ, ಯಾವುದೋ ಜಾಗದ ಬಳಕೆ ಬದಲಾವಣೆ, ಆಡಿಟ್ ಆಕ್ಷೇಪ, ಹೀಗೆ. ಆಮೇಲೆ ಪತ್ರಿಕೆ ಎಷ್ಟನ್ನು ಚುನಾವಣೆ ಹೊತ್ತಿನಲ್ಲಿ ಮುಟ್ಟಿದೆ ನೋಡಿ. ಎಲ್ಲವನ್ನೂ ಯಾರೂ ಮುಟ್ಟುವುದಿಲ್ಲ. ಆದರೆ ಒಬ್ಬರಿಗೆ ತೊಂದರೆ ಕೊಡುವ ವಿಷಯಗಳೇ ಸಾಲಾಗಿ ಬಿಟ್ಟುಹೋಗಿದ್ದರೆ, ಅದು ಎದ್ದು ಕಾಣುತ್ತದೆ. ಅಭ್ಯರ್ಥಿಗಳ ಪೂರ್ತಿ ಪಟ್ಟಿಯನ್ನೂ ಇಟ್ಟುಕೊಳ್ಳಿ. ಪಕ್ಷೇತರರಲ್ಲಿ ಒಬ್ಬರ ಹೆಸರೂ ಇಡೀ ಅವಧಿಯಲ್ಲಿ ಒಮ್ಮೆಯೂ ಬರದೇ ಇರುವುದುಂಟು. ಎಲ್ಲರಿಗೂ ಸಮಾನ ಜಾಗ ಕೊಡಲು ಆಗದು ನಿಜ, ಆದರೆ ಸ್ಪರ್ಧೆಯಲ್ಲಿ ಇದ್ದಾರೆ ಎಂದು ಒಮ್ಮೆಯಾದರೂ ಹೇಳಬೇಕಲ್ವಾ?

ಪತ್ರಿಕೆ ಹಾಕುವ ಅಭ್ಯರ್ಥಿಗಳ ಪಟ್ಟಿಯಲ್ಲಿ ಹೆಸರಿನ ಕ್ರಮವನ್ನೂ ನೋಡಿ. ಮತಪತ್ರದಲ್ಲಿ ಮೊದಲು ಬರುವ ಹೆಸರಿಗೆ ಸ್ವಲ್ಪ ಲಾಭ ಸಿಗುತ್ತದೆ, ಅದರಲ್ಲೂ ಜನರಿಗೆ ಹೆಚ್ಚು ಮಾಹಿತಿ ಇಲ್ಲದ ಸಣ್ಣ ಚುನಾವಣೆಗಳಲ್ಲಿ, ಎಂಬುದನ್ನು ಸಂಶೋಧಕರು ತೋರಿಸಿದ್ದಾರೆ. ಪತ್ರಿಕೆ ಪ್ರತಿ ಸಲ ಒಬ್ಬರ ಹೆಸರನ್ನೇ ಮೊದಲು ಹಾಕುತ್ತಿದ್ದರೆ ಅಕ್ಷರ ಕ್ರಮವೋ ಚೀಟಿ ಎತ್ತಿದ ಕ್ರಮವೋ ಎಂದು ಕೇಳಿ.

ದುಡ್ಡಿನ ಜಾಡು

ಭಾರತದಲ್ಲಿ ಪೇಡ್ ನ್ಯೂಸ್, ಅಂದರೆ ಕಾಸಿಗಾಗಿ ಸುದ್ದಿ, ಎಷ್ಟು ಬೆಳೆದಿತ್ತು ಎಂದರೆ 2009ರ ಚುನಾವಣೆಗಳ ನಂತರ ಭಾರತೀಯ ಪತ್ರಿಕಾ ಮಂಡಳಿಯೇ ಉಪಸಮಿತಿ ಮಾಡಿ ವಿಚಾರಿಸಬೇಕಾಯಿತು. 2010ರ ಆ ವರದಿಯಲ್ಲಿ ಹೇಳಿದ ಗುರುತುಗಳು ಇವತ್ತೂ ಕೆಲಸಕ್ಕೆ ಬರುತ್ತವೆ. ಒಂದೇ ಬರಹ, ಒಂದೇ ಫೋಟೊ ಬೇರೆ ಬೇರೆ ಪತ್ರಿಕೆಯಲ್ಲಿ ಬೇರೆ ಬೇರೆ ಬೈಲೈನ್‌ನಲ್ಲಿ, ಅಂದರೆ ಬೇರೆ ಬೇರೆ ವರದಿಗಾರರ ಹೆಸರಲ್ಲಿ ಬರುವುದು. ಒಂದೇ ಪುಟದಲ್ಲಿ ಇಬ್ಬರು ಎದುರಾಳಿಗಳನ್ನು ಹೊಗಳಿ ಇಬ್ಬರೂ ಗೆಲ್ಲುತ್ತಾರೆ ಎನ್ನುವುದು. ನಾನು ಇದಕ್ಕೆ ಇನ್ನೂ ಕೆಲವು ಸೇರಿಸುತ್ತೇನೆ: ಬೈಲೈನ್ ಇಲ್ಲ, ಎದುರು ಮಾತು ಇಲ್ಲ, ಒಂದೇ ಒಂದು ಪ್ರಶ್ನೆ ಇಲ್ಲ, ಅಕ್ಷರದ ವಿನ್ಯಾಸ ಉಳಿದ ಸುದ್ದಿಗಿಂತ ಸ್ವಲ್ಪ ಬೇರೆ. ಉತ್ತರ ಪ್ರದೇಶದ ಶಾಸಕಿ ಉಮ್ಲೇಶ್ ಯಾದವ್ ಅವರನ್ನು 2011ರಲ್ಲಿ ಚುನಾವಣಾ ಆಯೋಗ ಅನರ್ಹಗೊಳಿಸಿದ್ದು ಇಂಥ ಸುದ್ದಿಗೆ ಕೊಟ್ಟ ದುಡ್ಡನ್ನು ಚುನಾವಣಾ ವೆಚ್ಚದಲ್ಲಿ ತೋರಿಸದಿದ್ದುದಕ್ಕೆ. ಅದು ವಿಧಾನಸಭೆ ಚುನಾವಣೆ. ವಾರ್ಡ್ ಮಟ್ಟದಲ್ಲಿ ಹಿಡಿಯುವವರೂ ಕಡಿಮೆ.

ಜಾಹೀರಾತನ್ನು ಬೇರೆಯಾಗಿ ಅಳೆದು, ಸುದ್ದಿಯ ಲೆಕ್ಕದ ಪಕ್ಕ ಇಡಿ. ಜಾಹೀರಾತು ಕೊಟ್ಟ ವಾರದಲ್ಲೇ ಆ ಅಭ್ಯರ್ಥಿಯ ಸುದ್ದಿ ಏರಿ, ಜಾಹೀರಾತು ನಿಂತ ವಾರ ಇಳಿಯುತ್ತಿದೆಯಾ? ನಗರಸಭೆಯೇ ಪತ್ರಿಕೆಗೆ ಟೆಂಡರ್ ಪ್ರಕಟಣೆ, ನೋಟಿಸು ಕೊಡುತ್ತದೆ ಎಂಬುದನ್ನೂ ಮರೆಯಬೇಡಿ. ಸಣ್ಣ ಪತ್ರಿಕೆಗೆ ಆ ಆದಾಯ ದೊಡ್ಡದು, ಆಡಳಿತದಲ್ಲಿ ಇರುವವರ ವಿರುದ್ಧ ಬರೆಯಲು ಕೈ ನಡುಗುವುದು ಅಲ್ಲಿಂದಲೇ. ಇದನ್ನು ಸಾಬೀತು ಮಾಡುವುದು ಕಷ್ಟ. ಅಂಕಿ ಇಡಿ, "ಕೊಂಡುಕೊಂಡಿದ್ದಾರೆ" ಎಂಬ ಮಾತು ಮಾತ್ರ ದಾಖಲೆ ಇಲ್ಲದೆ ಬರೆಯಬೇಡಿ.

ಸಮೀಕ್ಷೆ ಬಂದರೆ ಎಷ್ಟು ಜನರನ್ನು, ಹೇಗೆ ಆರಿಸಿ, ಯಾವ ದಿನ ಕೇಳಿದರು, ಖರ್ಚು ಯಾರದು ಎಂದು ನೋಡಿ. ಯಾದೃಚ್ಛಿಕವಾಗಿ ಆರಿಸಿದ 1000 ಜನರನ್ನು ಕೇಳಿದರೂ ಅಂಕಿ ಸುಮಾರು 3 ಪಾಯಿಂಟ್ ಆಚೀಚೆ ಆಗಬಹುದು, 400 ಜನ ಆದರೆ ಸುಮಾರು 5, 100 ಜನ ಆದರೆ ಸುಮಾರು 10. ಒಂದು ವಾರ್ಡಿನಲ್ಲಿ ನೂರು ಜನರನ್ನು ಕೇಳಿ "ಇವರು 4 ಪಾಯಿಂಟ್ ಮುಂದೆ" ಎಂದರೆ ಅದಕ್ಕೆ ಅರ್ಥ ಇಲ್ಲ. ಆನ್‌ಲೈನ್ ಪೋಲ್ ಅಂತೂ ಸುದ್ದಿಯೇ ಅಲ್ಲ.

ಅಭಿಪ್ರಾಯ ಇರಬಾರದಾ?

ಇರಬಹುದು. ಸಂಪಾದಕೀಯದಲ್ಲಿ "ಇವರಿಗೆ ಮತ ಹಾಕಿ" ಎಂದು ಹೇಳುವ ಸಂಪ್ರದಾಯ ಅಮೆರಿಕದಲ್ಲಿ ಹಳೆಯದು. 2022ರಲ್ಲಿ ಆಲ್ಡನ್ ಗ್ಲೋಬಲ್ ಕ್ಯಾಪಿಟಲ್ ಎಂಬ ಹೂಡಿಕೆ ಸಂಸ್ಥೆಯ ಒಡೆತನದ ಪತ್ರಿಕೆಗಳು ಅಧ್ಯಕ್ಷ, ಗವರ್ನರ್, ಸೆನೆಟ್ ಚುನಾವಣೆಯಲ್ಲಿ ಇದನ್ನು ನಿಲ್ಲಿಸುತ್ತೇವೆ ಎಂದಾಗಲೂ ನಗರ ಕೌನ್ಸಿಲ್, ಶಾಲಾ ಮಂಡಳಿಯಂಥ ಸ್ಥಳೀಯ ಚುನಾವಣೆಗಳಲ್ಲಿ ಮುಂದುವರಿಸುತ್ತೇವೆ ಎಂದವು. ಬ್ರಿಟನ್ನಿನ ಸಂಪಾದಕರ ಸಂಹಿತೆಯ ಮೊದಲ ನಿಯಮವೂ ಇದನ್ನು ಒಪ್ಪುತ್ತದೆ: ಪತ್ರಿಕೆ ಪಕ್ಷ ವಹಿಸಬಹುದು, ಆದರೆ ಅಭಿಪ್ರಾಯ, ಊಹೆ, ಸತ್ಯಾಂಶ ಮೂರನ್ನೂ ಸ್ಪಷ್ಟವಾಗಿ ಬೇರೆ ಮಾಡಿ ತೋರಿಸಬೇಕು. ನೀವು ಹುಡುಕಬೇಕಾದದ್ದು ಸುದ್ದಿಯೊಳಗೆ ನುಸುಳಿದ ಅಭಿಪ್ರಾಯವನ್ನು. ಸಂಪಾದಕೀಯದ ಗುರುತನ್ನು ಸುದ್ದಿಯ ಒಟ್ಟು ಲೆಕ್ಕಕ್ಕೆ ಸೇರಿಸಬೇಡಿ.

ಸಂಪಾದಕರ ಮುಂದೆ ಇಡುವುದು

ಮತದಾನ ಮುಗಿದ ಮೇಲೆ ದೂರು ಕೊಟ್ಟರೆ ಏನು ಪ್ರಯೋಜನ? ಅರ್ಧ ಅವಧಿಯ ಲೆಕ್ಕ ಕೈಗೆ ಬಂದ ಕೂಡಲೇ ಹೋಗಿ, ತಿದ್ದಿಕೊಳ್ಳಲು ಸಮಯ ಇರಲಿ.

ಹೋಗುವ ಮೊದಲು ಒಂದು ಯೋಚನೆ ಮಾಡಿ. ಪಕ್ಷಪಾತದಂತೆ ಕಾಣುವುದರಲ್ಲಿ ಜಾಸ್ತಿ ಪಾಲು ಆಳಿನ ಕೊರತೆ. ಒಬ್ಬ ವರದಿಗಾರ ಹತ್ತಾರು ವಾರ್ಡ್ ನೋಡುತ್ತಿರುತ್ತಾರೆ. ಯಾರು ಪ್ರೆಸ್‌ನೋಟ್ ಅನ್ನು ಚೆನ್ನಾಗಿ ಟೈಪ್ ಮಾಡಿ ಮಧ್ಯಾಹ್ನದೊಳಗೆ ಕಳಿಸುತ್ತಾರೋ ಅವರದ್ದು ಪೂರ್ತಿ ಬರುತ್ತದೆ, ರಾತ್ರಿ ಕಳಿಸಿದವರದ್ದು ನಾಲ್ಕು ಸಾಲು ಬರುತ್ತದೆ. ಫಲಿತಾಂಶ ಅನ್ಯಾಯವೇ, ಆದರೆ ಅದನ್ನು ಸರಿ ಮಾಡುವ ದಾರಿ ಬೇರೆ.

ಪತ್ರ ಒಂದು ಪುಟ ದಾಟಬಾರದು. ಯಾವ ದಿನದಿಂದ ಯಾವ ದಿನದವರೆಗೆ ನೋಡಿದಿರಿ, ಹೇಗೆ ಅಳೆದಿರಿ, ಯಾರಿಗೆ ಎಷ್ಟು ಬಂತು, ಮೂರು ಸ್ಪಷ್ಟ ಉದಾಹರಣೆ, ಒಂದು ಕೋರಿಕೆ. ಪತ್ರಿಕೆಗೆ ಒಳ್ಳೆಯದಾಗಿ ಕಾಣುವ ಅಂಕಿಯನ್ನೂ ಬಿಡದೆ ಬರೆಯಿರಿ. ಇಬ್ಬರೂ ಸಹಿ ಹಾಕಿ, ಇಬ್ಬರ ಒಲವು ಬೇರೆ ಬೇರೆ ಎಂದು ಅಲ್ಲೇ ಹೇಳಿ, ಅದರಿಂದ ಪತ್ರಕ್ಕೆ ಬರುವ ತೂಕ ಬೇರೆ ಯಾವುದರಿಂದಲೂ ಬರುವುದಿಲ್ಲ. "ನೀವು ಪಕ್ಷಪಾತಿಗಳು" ಎಂದು ಶುರು ಮಾಡಿದರೆ ಎರಡನೇ ಸಾಲು ಯಾರೂ ಓದುವುದಿಲ್ಲ. ಹೀಗೆ ಬರೆಯಬಹುದು:

"ಮಾನ್ಯ ಸಂಪಾದಕರೇ, ಈ ಮೂರು ವಾರದಲ್ಲಿ ನಮ್ಮ ವಾರ್ಡಿನ ಬಗ್ಗೆ ಬಂದ ಎಲ್ಲ ಸುದ್ದಿಗಳನ್ನು ಅಳೆದಿದ್ದೇವೆ, ಪಟ್ಟಿ ಜೊತೆಗಿದೆ. ನಾಲ್ಕು ಆರೋಪದ ಸುದ್ದಿಗಳಲ್ಲಿ ಮೂರರಲ್ಲಿ ಎದುರಿನವರ ಉತ್ತರ ಅದೇ ದಿನ ಬಂದಿಲ್ಲ. ಮತದಾನಕ್ಕೆ ಮೊದಲು ಎಲ್ಲ ಅಭ್ಯರ್ಥಿಗಳಿಗೂ ಒಂದೇ ಐದು ಪ್ರಶ್ನೆ ಕೇಳಿ ಒಂದೇ ಪುಟದಲ್ಲಿ ಹಾಕುತ್ತೀರಾ?"

ಇಂಥ ಕೋರಿಕೆಗೆ ಹೌದು ಎನ್ನುವುದು ಸಂಪಾದಕರಿಗೂ ಸುಲಭ. ಅವರು ಒಪ್ಪಿದರೆ ಕೆಲವು ನಿಯಮಗಳನ್ನೂ ಕೇಳಿಕೊಳ್ಳಿ: ಎಲ್ಲರಿಗೂ ಒಂದೇ ಪದಮಿತಿ, ಒಂದೇ ಗಡುವು, ಹೆಸರಿನ ಕ್ರಮ ಚೀಟಿ ಎತ್ತಿ, ಉತ್ತರ ಕೊಡದವರ ಜಾಗ ಖಾಲಿ ಬಿಟ್ಟು "ಉತ್ತರ ಬಂದಿಲ್ಲ" ಎಂದು ಹಾಕುವುದು. ಇನ್ನೊಂದು ತುಂಬಾ ಮುಖ್ಯ: ಉತ್ತರ ಕೊಡಲು ಸಮಯ ಉಳಿದಿಲ್ಲದ ಕೊನೆಯ ದಿನ ಹೊಸ ಆರೋಪ ಅಚ್ಚು ಹಾಕದಿರುವುದು. ಈ ನಿಯಮಗಳನ್ನು ಪತ್ರಿಕೆ ಮೊದಲೇ ಪ್ರಕಟಿಸಿದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಉತ್ತರವೇ ಬರದಿದ್ದರೆ? ಓದುಗರ ದೂರು ನೋಡುವ ಓದುಗರ ಸಂಪಾದಕ ಎಂಬ ಹುದ್ದೆ ಇದ್ದರೆ ಅವರಿಗೆ ಬರೆಯಿರಿ. ಸತ್ಯಾಂಶದ ತಪ್ಪಿದ್ದರೆ ಅಭಿಪ್ರಾಯ ಬೆರೆಸದೆ ತಿದ್ದುಪಡಿ ಮಾತ್ರ ಕೇಳಿ. ಭಾರತದಲ್ಲಿ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ಮಂಡಳಿ ಎಚ್ಚರಿಕೆ ಕೊಡಬಹುದು, ಛೀಮಾರಿ ಹಾಕಬಹುದು, ದಂಡ ಹಾಕುವ ಅಧಿಕಾರ ಅದಕ್ಕಿಲ್ಲ. ಕಾಸಿಗಾಗಿ ಸುದ್ದಿಯ ದಾಖಲೆ ಕೈಯಲ್ಲಿದ್ದರೆ ನಗರಸಭೆ ಚುನಾವಣೆಯ ಮಟ್ಟಿಗೆ ಹೋಗಬೇಕಾದದ್ದು ರಾಜ್ಯ ಚುನಾವಣಾ ಆಯೋಗಕ್ಕೆ. ಲೋಕಸಭೆ, ವಿಧಾನಸಭೆ ನೋಡಿಕೊಳ್ಳುವ ಆಯೋಗ ಬೇರೆ, ಇದು ಬೇರೆ. ಬ್ರಿಟನ್ನಿನಲ್ಲಿ ಇಪ್ಸೊ ಎಂಬ ಪತ್ರಿಕಾ ನಿಯಂತ್ರಣ ಸಂಸ್ಥೆ ಇದೆ, ಅದರ ಸದಸ್ಯ ಪತ್ರಿಕೆಗಳ ಮೇಲಿನ ದೂರು ಕೇಳುತ್ತದೆ, ತಿದ್ದುಪಡಿ ಹಾಕಿಸುತ್ತದೆ.

ಫಲಿತಾಂಶ ಬಂದ ಮೇಲೂ ಒಂದು ವಾರ ಅಳೆಯುವುದನ್ನು ನಿಲ್ಲಿಸಬೇಡಿ. ಸೋತವರಿಗೆ ಒಂದು ಸಾಲಾದರೂ ಸಿಕ್ಕಿತಾ, ಗೆದ್ದವರನ್ನು ಭರವಸೆ ಬಗ್ಗೆ ಕೇಳಿದ್ದಾರಾ ಅಥವಾ ಅಭಿನಂದನೆ ಜಾಹೀರಾತುಗಳ ನಡುವೆ ಸುದ್ದಿಯೂ ಅಭಿನಂದನೆಯೇ ಆಗಿದೆಯಾ ನೋಡಿ. ಗೆದ್ದವರು ಕೊಟ್ಟ ಭರವಸೆಗಳನ್ನು ದಿನಾಂಕದ ಜೊತೆ ಬೇರೆ ಹಾಳೆಯಲ್ಲಿ ಬರೆದು ನೋಟ್‌ಬುಕ್ಕಿಗೆ ಅಂಟಿಸಿ, ಒಂದು ಪ್ರತಿಯನ್ನು ಆ ವಾರ್ಡು ನೋಡುವ ವರದಿಗಾರರಿಗೂ ಕೊಡಿ.